ನಂಜನಗೂಡಿನ ಬಾಳೆ, ಬನ್ನೂರಿನ ಕುರಿ

ಮಕ್ಕಳೇ, ಮನೆಯಲ್ಲಿ ಬಾಳೆಹಣ್ಣಿದ್ದರೆ ಒಂದನ್ನು ಕೈಗೆ ತೆಗೆದುಕೊಳ್ಳಿ. ರಸಬಾಳೆಯಾದರೆ ಬಹಳ ಸಂತೋಷ, ಏಲಕ್ಕಿಯಾದರೂ ಆದೀತು. ಸಿಪ್ಪೆ ಸುಲಿದು, ಅಡ್ಡಕ್ಕೆ ತೆಳುವಾಗಿ ಒಂದು ಬಿಲ್ಲೆ ಕತ್ತರಿಸಿ. ನಟ್ಟನಡುವೆ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತಿವೆಯೇ? ಎಷ್ಟೋ ಸಲ ನಾವು ಅವನ್ನು ಗಮನಿಸದೆ ತಿಂದಿದ್ದೇವೆ. ಅವು ಬೀಜವಾಗಬೇಕಿತ್ತು, ಆಗಲಿಲ್ಲ.

ಕಾಡುಬಾಳೆಯಲ್ಲಿ ಹೀಗಿಲ್ಲ. ಅದರ ಹಣ್ಣಿನ ತುಂಬ ಕಲ್ಲಿನಂತೆ ಗಟ್ಟಿಯಾದ ಕಪ್ಪು ಬೀಜಗಳು. ಬಾಯಿಗೆ ಹಾಕಿದರೆ ತಿರುಳಿಗಿಂತ ಬೀಜವೇ ಹೆಚ್ಚು. ಸಾವಿರಾರು ವರ್ಷಗಳ ಹಿಂದೆ ಯಾರೋ ಒಬ್ಬರಿಗೆ ಬೀಜವಿಲ್ಲದ ಬಾಳೆ ಕಣ್ಣಿಗೆ ಬಿದ್ದಿರಬೇಕು. ಅದನ್ನು ಅವರು ಮನೆಯ ಹತ್ತಿರ ತಂದು ನೆಟ್ಟರು. ಇಂದು ನಾವು ತಿನ್ನುವ ಬಾಳೆಯ ಕಥೆ ಹೀಗೆ ಶುರುವಾಯಿತು. ಬೀಜ ಹೋಯಿತು, ಸಿಹಿ ಉಳಿಯಿತು. ಬೀಜದ ಜೊತೆಗೆ ಇನ್ನೂ ಒಂದು ಹೋಯಿತು. ಅದೇನು ಎಂದು ತಿಳಿಯಲು ನಂಜನಗೂಡಿಗೆ ಹೋಗಬೇಕು.

ಮೈಸೂರಿನಿಂದ ದಕ್ಷಿಣಕ್ಕೆ ಹೊರಟರೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಕಪಿಲಾ ನದಿಯ ದಂಡೆಯಲ್ಲಿ ನಂಜನಗೂಡು. ಕಬಿನಿ ಅಂದರೂ ಅದೇ ನದಿ. ಶ್ರೀಕಂಠೇಶ್ವರನ ದೇವಸ್ಥಾನ, ದೊಡ್ಡ ಜಾತ್ರೆ ನಿಮಗೆಲ್ಲ ಗೊತ್ತು. ಊರಿಗೆ ಇನ್ನಷ್ಟು ಹೆಸರು ತಂದುಕೊಟ್ಟದ್ದು ರಸಬಾಳೆ. ಹತ್ತಿರದ ದೇವರಸನಹಳ್ಳಿಯ ಕಡೆಯ ತೋಟಗಳು ಇದಕ್ಕೆ ಬಹಳ ಹಿಂದಿನಿಂದ ಹೆಸರಾದವು. ಹಣ್ಣು ಮಾಗಿದಾಗ ಸಿಪ್ಪೆ ಕಾಗದದಷ್ಟು ತೆಳ್ಳಗೆ, ಒಳಗೆ ಬೆಣ್ಣೆಯಂಥ ತಿರುಳು. ಒಂದು ಗೊನೆ ಮನೆಯಲ್ಲಿ ತೂಗುಹಾಕಿದರೆ ಬಾಗಿಲಲ್ಲೇ ಪರಿಮಳ ಬರುತ್ತದೆ. ‘ನಂಜನಗೂಡು ರಸಬಾಳೆ’ಗೆ ಭಾರತ ಸರ್ಕಾರದ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಮೈಸೂರು ವೀಳ್ಯದೆಲೆ, ಕೊಡಗಿನ ಕಿತ್ತಳೆಗಳಿಗೂ ಇದೇ ಗೌರವ ಸಿಕ್ಕಿದೆ. ಆ ಸೀಮೆಯ ಬೆಳೆಗೆ ಮಾತ್ರ ಆ ಹೆಸರು ಸಲ್ಲಬೇಕು ಎಂದು ಅದರ ಅರ್ಥ.

ಬೀಜವೇ ಇಲ್ಲದ ಬಾಳೆಯನ್ನು ರೈತರು ಬೆಳೆಸುವುದು ಹೇಗೆ? ಕಂದು ನೆಟ್ಟು. ತಾಯಿ ಬಾಳೆಯ ಬುಡದಲ್ಲಿ, ಮಣ್ಣಿನೊಳಗಿನ ಗಡ್ಡೆಯಿಂದ ಮರಿಗಿಡಗಳು ಏಳುತ್ತವಲ್ಲ, ಅವೇ ಕಂದು. ಅದನ್ನು ಗಡ್ಡೆಯ ಚೂರಿನ ಸಮೇತ ಕಿತ್ತು ಬೇರೆ ಗುಂಡಿಯಲ್ಲಿ ನೆಟ್ಟರೆ ಹೊಸ ಗಿಡ. ಕಂದನ್ನು ನಾವು ತಾಯಿಯ ಮಗು ಎಂದುಕೊಳ್ಳುತ್ತೇವೆ. ನಿಜವಾಗಿ ಅದು ತಾಯಿಯದೇ ಒಂದು ತುಂಡು. ನಿಮಗೆ ಅಪ್ಪನ ಮೂಗು, ಅಮ್ಮನ ಕಣ್ಣು ಬಂದಿರಬಹುದು. ಕಂದಿಗೆ ಅಪ್ಪನೇ ಇಲ್ಲ, ಎಲ್ಲವೂ ಅಮ್ಮನದೇ. ಆ ಕಂದಿನ ಕಂದಿಗೂ ಹಾಗೆಯೇ. ಸಾವಿರ ಗಿಡದ ರಸಬಾಳೆ ತೋಟ ಎಂದರೆ, ಒಂದೇ ಗಿಡ ಸಾವಿರ ಕಡೆ ನಿಂತ ಹಾಗೆ. ಬೀಜದ ಜೊತೆಗೆ ಹೋದದ್ದು ಇದೇ, ಗಿಡಗಿಡಕ್ಕೂ ಇರಬೇಕಾದ ವೈವಿಧ್ಯ.

ಬೀಜ ಯಾಕೆ ಆಗಲಿಲ್ಲ ಎಂಬುದಕ್ಕೂ ಚಂದದ ಕಾರಣವಿದೆ. ಪ್ರತಿಯೊಂದು ಜೀವಕೋಶದ ಒಳಗೆ ವರ್ಣತಂತುಗಳು ಎಂಬ ಎಳೆಗಳಿವೆ. ಎಲೆ ಎಷ್ಟು ಅಗಲ, ಹಣ್ಣು ಎಷ್ಟು ಸಿಹಿ, ಯಾವ ರೋಗವನ್ನು ತಡೆಯಬಲ್ಲದು, ಎಲ್ಲದರ ಬರಹವೂ ಅಲ್ಲಿದೆ. ಆ ಬರಹವೇ ಡಿಎನ್‌ಎ. ಬೀಜ ಕಟ್ಟಬೇಕಾದರೆ ಗಿಡ ತನ್ನ ಎಳೆಗಳನ್ನು ಜೋಡಿ ಮಾಡಿ ಸರಿಯಾಗಿ ಎರಡು ಪಾಲು ಮಾಡಬೇಕು. ಕಾಡುಬಾಳೆಯಲ್ಲಿ 22 ಎಳೆಗಳು, 11 ಜೋಡಿ. ಪಾಲು ಸುಲಭ. ರಸಬಾಳೆಯಲ್ಲಿ ಇರುವುದು 33. ಒಂದೊಂದರಲ್ಲೂ ಮೂರು ಮೂರು. ಕಬಡ್ಡಿ ಆಡಲು 33 ಮಕ್ಕಳನ್ನು ಎರಡು ಸಮ ತಂಡ ಮಾಡಿ ನೋಡೋಣ! ಆಗುವುದಿಲ್ಲ. ಬಾಳೆಗೂ ಆಗುವುದಿಲ್ಲ. ಅದಕ್ಕೇ ಬೀಜದ ಜಾಗದಲ್ಲಿ ಬರೀ ಚುಕ್ಕೆ.

ಆ ಮೂರು ಪಾಲು ಎಲ್ಲಿಂದ ಬಂದವು ಎಂಬುದನ್ನೂ ವಿಜ್ಞಾನಿಗಳು ಹುಡುಕಿದ್ದಾರೆ. ನಾವು ತಿನ್ನುವ ಬಹುಪಾಲು ಬಾಳೆಗಳಿಗೆ ಇಬ್ಬರು ಕಾಡು ಪೂರ್ವಜರು: ಮ್ಯೂಸಾ ಅಕ್ಯುಮಿನೇಟಾ, ಮ್ಯೂಸಾ ಬಾಲ್ಬಿಸಿಯಾನಾ. 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಮೊದಲನೆಯದಕ್ಕೆ ‘ಎ’, ಎರಡನೆಯದಕ್ಕೆ ‘ಬಿ’ ಎಂದು ಗುರುತು ಕೊಟ್ಟು, ಗಿಡದ 15 ಲಕ್ಷಣಗಳನ್ನು ನೋಡಿ ಬಾಳೆಗಳನ್ನು ಗುಂಪು ಮಾಡಿದರು. ಆ ಲೆಕ್ಕದಲ್ಲಿ ಏಲಕ್ಕಿಬಾಳೆ ‘ಎಬಿ’, ರಸಬಾಳೆ ‘ಎಎಬಿ’, ಪಚ್ಚಬಾಳೆ ‘ಎಎಎ’. ಮುಂದಿನ ಸಲ ಹಣ್ಣಿನಂಗಡಿಯಲ್ಲಿ ನಿಂತಾಗ ಈ ಅಕ್ಷರಗಳನ್ನು ನೆನಪಿಸಿಕೊಳ್ಳಿ. ತೂಗುಹಾಕಿದ ಮೂರು ಗೊನೆಗಳು ಮೂರು ಬೇರೆ ಬೇರೆ ವಂಶಗಳಾಗಿ ಕಾಣುತ್ತವೆ. ತಮಿಳುನಾಡಿನ ರಸ್ತಾಳಿ, ಅಸ್ಸಾಂ ಕಡೆಯ ಮಾಲ್‌ಭೋಗ್, ಆಂಧ್ರದ ಅಮೃತಪಾಣಿ, ಇವೆಲ್ಲ ನಮ್ಮ ರಸಬಾಳೆಯ ಹತ್ತಿರದ ನೆಂಟರು.

ಈಗ ದುಃಖದ ಭಾಗ.

ಒಂದು ಗಿಡಕ್ಕೆ ತಾಗುವ ರೋಗ, ಅದೇ ಗಿಡ ಸಾವಿರ ಕಡೆ ನಿಂತಿದ್ದರೆ ಸಾವಿರ ಕಡೆಯೂ ತಾಗುತ್ತದೆ. ರಸಬಾಳೆಗೆ ಬಂದದ್ದು ಪನಾಮಾ ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ, ಬೇರಿನಿಂದ ಗಡ್ಡೆಗೆ, ಅಲ್ಲಿಂದ ದಿಂಡಿಗೆ ಏರುತ್ತದೆ. ಗಿಡ ನೀರು ಸಾಗಿಸುವ ಸಣ್ಣ ಕೊಳವೆಗಳೇ ಕಟ್ಟಿಕೊಳ್ಳುತ್ತವೆ. ಮೊದಲು ಹಳೆಯ ಎಲೆಯ ಅಂಚು ಹಳದಿಯಾಗುತ್ತದೆ. ಆಮೇಲೆ ಎಲೆಗಳು ದಂಟಿನ ಹತ್ತಿರ ಮುರಿದು, ದಿಂಡಿನ ಸುತ್ತ ಲಂಗದಂತೆ ಜೋತುಬೀಳುತ್ತವೆ. ಕಾಲುವೆಯಲ್ಲಿ ನೀರು ಹರಿಯುತ್ತಿರುತ್ತದೆ, ಬುಡ ಒದ್ದೆಯಾಗಿಯೇ ಇರುತ್ತದೆ, ಗಿಡ ಮಾತ್ರ ಬಾಯಾರಿ ಸಾಯುತ್ತದೆ. ಅಂಥ ಗಿಡದ ಗಡ್ಡೆಯನ್ನು ಕತ್ತರಿಸಿದರೆ ಬಿಳಿಯ ತಿರುಳಿನಲ್ಲಿ ಕೆಂಪು-ಕಂದು ಬಣ್ಣದ ಗೆರೆಗಳು, ಚುಕ್ಕೆಗಳು. ಒಮ್ಮೆ ನೋಡಿದರೆ ಮರೆಯುವ ನೋಟವಲ್ಲ ಅದು. ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಜೀವ ಹಿಡಿದು ಮಲಗಿರಬಲ್ಲದು. ಎಷ್ಟೋ ರೈತರು ರಸಬಾಳೆ ಬಿಟ್ಟು ಏಲಕ್ಕಿ, ಪಚ್ಚಬಾಳೆಗಳ ಕಡೆ ತಿರುಗಿದರು. ಇದೇ ಕಾರಣಕ್ಕೆ ನಂಜನಗೂಡಿನಲ್ಲೇ ರಸಬಾಳೆ ಅಪರೂಪವಾಯಿತು.

ಈ ಕಥೆ ನಮ್ಮದು ಮಾತ್ರವಲ್ಲ. ನೂರು ವರ್ಷದ ಹಿಂದೆ ಅಮೆರಿಕ, ಯುರೋಪಿನ ಅಂಗಡಿಗಳಲ್ಲೆಲ್ಲ ಇದ್ದದ್ದು ಗ್ರೋ ಮಿಷೆಲ್ ಎಂಬ ಒಂದೇ ಜಾತಿಯ ಬಾಳೆ. ಮಧ್ಯ ಅಮೆರಿಕದಲ್ಲಿ ಸಾವಿರಾರು ಎಕರೆ ಅದನ್ನೇ ಹಾಕಿದ್ದರು. ಇದೇ ಸೊರಗು ರೋಗ ಬಂತು. ಪನಾಮಾ ಎಂಬ ಹೆಸರು ಅಲ್ಲಿನದೇ. 1950-60ರ ಹೊತ್ತಿಗೆ ಆ ತೋಟಗಳು ಬರಿದಾಗಿ, ರೋಗ ತಡೆಯುವ ಕ್ಯಾವೆಂಡಿಶ್ ಬಾಳೆ ಅಲ್ಲಿಗೆ ಬಂತು. ನಮ್ಮ ಪಚ್ಚಬಾಳೆ ಇದೇ ಕುಲದ್ದು. ಆದರೆ ಕ್ಯಾವೆಂಡಿಶ್ ಕೂಡ ಕಂದಿನಿಂದ ಬೆಳೆಯುವ, ಒಂದೇ ರೂಪದ ಬಾಳೆಯಲ್ಲವೇ? ಈಗ ಅದೇ ಶಿಲೀಂಧ್ರದ ಹೊಸ ತಳಿಯೊಂದು ಕ್ಯಾವೆಂಡಿಶನ್ನೂ ಕೊಲ್ಲುತ್ತಿದೆ. ಉತ್ತರ ಭಾರತದ ತೋಟಗಳಿಗೂ ಅದು ಬಂದಿದೆ.

ಅಂಗಾಂಶ ಕೃಷಿಯಲ್ಲಿ ಗಿಡ ಮಾಡಬಹುದಲ್ಲ ಎಂದು ನಿಮ್ಮಲ್ಲಿ ಜಾಣರು ಕೇಳುತ್ತೀರಿ. ಮಾಡುತ್ತಾರೆ, ಉಪಯೋಗವೂ ಇದೆ. ಗಿಡದ ಸುಳಿಯ ತುದಿಯಿಂದ ಚೂರು ತೆಗೆದು ಗಾಜಿನ ಕೊಳವೆಯಲ್ಲಿ ಬೆಳೆಸಿದರೆ ರೋಗವಿಲ್ಲದ ಸಸಿ ಸಿಗುತ್ತದೆ. ಆದರೆ ಅದೂ ಅದೇ ಗಿಡದ ಇನ್ನೊಂದು ತುಂಡೇ. ರೋಗದ ಮಣ್ಣಿಗೆ ನೆಟ್ಟರೆ ಅದಕ್ಕೂ ರೋಗ ತಾಗುತ್ತದೆ. ಬೇಕಾದದ್ದು ಬೇರೆ ಬೇರೆ ಬರಹ ಹೊತ್ತ ಬಾಳೆಗಳು. ಯಾವುದೋ ಒಂದು ಕಾಡುಬಾಳೆಯಲ್ಲಿ, ಯಾರದೋ ಹಿತ್ತಲಿನ ಹೆಸರು ಮರೆತ ಬಾಳೆಯಲ್ಲಿ ಈ ರೋಗವನ್ನು ತಡೆಯುವ ಸಾಲು ಇರಬಹುದು. ಅದಕ್ಕೇ ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಶುರುವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ದೇಶದ ಬಗೆಬಗೆಯ ಬಾಳೆಗಳನ್ನು ಕೂಡಿಸಿ ತೋಟದಲ್ಲಿ ಬೆಳೆಸಿಟ್ಟಿದೆ. ಬೆಲ್ಜಿಯಂ ದೇಶದ ಲೂವೆನ್ ಊರಿನಲ್ಲಿ 1,500ಕ್ಕೂ ಹೆಚ್ಚು ಬಗೆಯ ಬಾಳೆಗಳ ಪುಟಾಣಿ ಸಸಿಗಳು ಗಾಜಿನ ಕೊಳವೆಗಳಲ್ಲಿ, ತಂಪು ಕೋಣೆಯಲ್ಲಿ ನಿಧಾನವಾಗಿ ಬೆಳೆಯುತ್ತಿವೆ. ರಾಗಿ, ಭತ್ತವಾದರೆ ಬೀಜವನ್ನು ಡಬ್ಬಿಯಲ್ಲಿ ಹಾಕಿ ಶೀತದಲ್ಲಿಟ್ಟರೆ ಸಾಕು. ಬಾಳೆಗೆ ಬೀಜವೇ ಇಲ್ಲವಲ್ಲ!

ಆ ಬರಹವನ್ನು ಕಣ್ಣಾರೆ ನೋಡಬೇಕೆ? ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅರ್ಧ ಬಾಳೆಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟಿಲ್ಲದಂತೆ ಹಿಸುಕಿ. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ, ನೊರೆ ಬರದಂತೆ ಮೆಲ್ಲಗೆ ಕಲಕಿ ಹಣ್ಣಿಗೆ ಸೇರಿಸಿ. ಹತ್ತು ನಿಮಿಷ ಬಿಟ್ಟು ತೆಳುಬಟ್ಟೆಯಲ್ಲಿ ಗಾಜಿನ ಲೋಟಕ್ಕೆ ಸೋಸಿ. ಫ್ರಿಜ್ಜಿನಲ್ಲಿ ತಣ್ಣಗಾಗಿಸಿದ ಸರ್ಜಿಕಲ್ ಸ್ಪಿರಿಟ್ಟನ್ನು ಲೋಟವನ್ನು ಓರೆ ಮಾಡಿ, ಅಂಚಿನಿಂದ ಜಾರುವಂತೆ ಹೊಯ್ಯಿರಿ. ಸ್ಪಿರಿಟ್ಟು ಬೇಗ ಹೊತ್ತಿಕೊಳ್ಳುತ್ತದೆ, ಒಲೆಯ ಹತ್ತಿರ ಬೇಡವೇ ಬೇಡ, ಬಾಯಿಗಂತೂ ಹಾಕಲೇಬಾರದು. ಕಲಕದೆ ಐದು ನಿಮಿಷ ಕಾಯಿರಿ. ಎರಡು ದ್ರವ ಕೂಡುವ ಗೆರೆಯಲ್ಲಿ ಹತ್ತಿಯ ಎಳೆಯಂಥ ಬಿಳಿಯ ನೂಲುಗಳು ಮೇಲೇಳುತ್ತವೆ. ಬಿದಿರುಕಡ್ಡಿಗೆ ಸುತ್ತಿ ಎತ್ತಿ ನೋಡಿ. ಬೇರೆ ಅಂಟೂ ಸ್ವಲ್ಪ ಸೇರಿರುತ್ತದೆ, ಆದರೆ ಬಾಳೆಯ ಡಿಎನ್‌ಎ ಅದರಲ್ಲಿದೆ. ಸೋಪು ಜೀವಕೋಶದ ಹೊದಿಕೆಯನ್ನು ಬಿಚ್ಚಿತು, ಉಪ್ಪು ಎಳೆಗಳು ಒಟ್ಟುಗೂಡಲು ನೆರವಾಯಿತು, ಸ್ಪಿರಿಟ್ಟಿನಲ್ಲಿ ಅವು ಕರಗಲಾರದೆ ಹೊರಬಂದವು.

2012ರಲ್ಲಿ ವಿಜ್ಞಾನಿಗಳು ಒಂದು ಕಾಡುಬಾಳೆಯ ಬರಹದ ಬಹುಪಾಲನ್ನು ಓದಿದರು. ಅದರಲ್ಲಿ 36,000ಕ್ಕೂ ಹೆಚ್ಚು ವಂಶವಾಹಿಗಳು, ಅಂದರೆ ಜೀನ್‌ಗಳೆಂಬ ಬರಹದ ಸಾಲುಗಳು, ಸಿಕ್ಕವು. ಮನುಷ್ಯನಲ್ಲಿ ಇರುವುದು ಸುಮಾರು 20,000. ನನಗಂತೂ ಇದನ್ನು ಓದಿದ ದಿನದಿಂದ ಬಾಳೆಗಿಡದ ಮೇಲೆ ಗೌರವ ಹೆಚ್ಚಿತು.

ಇನ್ನು ನದಿಯ ಜೊತೆ ಕೆಳಗೆ ಹೋಗೋಣ. ನಂಜನಗೂಡು ದಾಟಿದ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಊರಿನ ಪೂರ್ತಿ ಹೆಸರು ತಿರುಮಕೂಡಲು ನರಸೀಪುರ. ‘ಕೂಡಲು’ ಎಂದರೆ ನದಿಗಳು ಕೂಡುವ ಜಾಗ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದು ಕಡೆ ಅಗಸ್ತ್ಯೇಶ್ವರ.

ಕಾವೇರಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈ ನದಿಯಲ್ಲಿ ಬೆನ್ನು ಉಬ್ಬಿದ ದೈತ್ಯ ಮಹಶೀರ್ ಮೀನಿದೆ. ನೂರಾರು ವರ್ಷದಿಂದ ಜನ ಅದನ್ನು ಬಲ್ಲರು. ಆದರೂ ಅದು ಯಾವ ಪ್ರಭೇದ ಎಂಬುದು ಖಚಿತವಾಗಿರಲಿಲ್ಲ. 2018ರಲ್ಲಿ ಮೈಲಕ್ಷಣ, ಡಿಎನ್‌ಎ ಎರಡನ್ನೂ ಹೋಲಿಸಿ ಅದು ಟಾರ್ ರೆಮಾದೇವಿಯೈ ಎಂದು ಗುರುತಿಸಿದರು. ಅಷ್ಟರಲ್ಲಿ, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ನದಿಯಲ್ಲಿ ಹೆಚ್ಚಾಗಿ, ಮೂಲದ ಮೀನು ಅಳಿವಿನ ಅಂಚಿಗೆ ಬಂದಿತ್ತು. ಹೆಸರು ಸಿಗುವ ಮೊದಲೇ ಕಳೆದುಹೋಗುವುದರಲ್ಲಿತ್ತು ನೋಡಿ.

ನರಸೀಪುರ ತಾಲ್ಲೂಕಿನಲ್ಲೇ ಬನ್ನೂರು ಇದೆ. ಬನ್ನೂರು ಕುರಿಯ ಹೆಸರು ಕೇಳದವರು ಈ ಸೀಮೆಯಲ್ಲಿ ಕಡಿಮೆ. ಪಕ್ಕದ ಮಳವಳ್ಳಿ ತಾಲ್ಲೂಕಿನ ಬಂಡೂರಿನವರು ಅದನ್ನು ಬಂಡೂರು ಕುರಿ ಎನ್ನುತ್ತಾರೆ, ಸರ್ಕಾರದ ಪಟ್ಟಿಯಲ್ಲಿ ಮಂಡ್ಯ ಕುರಿ. ಮೂರೂ ಒಂದೇ. ಗಿಡ್ಡ ಕಾಲು, ದುಂಡು ಮೈ, ಬಿಳಿಯ ಉಣ್ಣೆ, ಕೆಲವಕ್ಕೆ ಮುಖ-ಕತ್ತಿನಲ್ಲಿ ತಿಳಿಕಂದು. ಟಗರಿಗೂ ಕೊಂಬಿಲ್ಲ. ಹಿಂದೆ ನಿಂತು ನೋಡಿದರೆ ತೊಡೆಗಳ ನಡುವಿನ ಆಕಾರ ಕವುಚಿಟ್ಟ ಲಾಳದ ಹಾಗೆ ಕಾಣುತ್ತದೆ. ಕುರಿ ಸಾಕುವವರು ಅಸಲಿ ಕುರಿಯನ್ನು ಹೀಗೆ ಹಿಂದಿನಿಂದಲೇ ಗುರುತು ಹಿಡಿಯುತ್ತಾರೆ.

ಕುರಿ ಬಾಳೆಯ ಹಾಗಲ್ಲ. ಪ್ರತಿ ಮರಿಯೂ ಒಂದು ಕೂಡಲು. ತಾಯಿಯಿಂದ 27 ವರ್ಣತಂತು, ತಂದೆಯಿಂದ 27, ಒಟ್ಟು 54. ಒಂದೇ ತಾಯಿಯ ಎರಡು ಮರಿಗಳೂ ಒಂದೇ ಥರ ಇರುವುದಿಲ್ಲ. ಹಾಗಾದರೆ ಕುರಿಗೆ ಅಪಾಯವಿಲ್ಲವೇ? ಇದೆ, ಅದೂ ಎರಡು ದಿಕ್ಕಿನಿಂದ.

ಮೊದಲನೆಯದನ್ನು ಲೆಕ್ಕ ಮಾಡಿಯೇ ನೋಡೋಣ. ಒಂದು ಹಿಂಡಿನಲ್ಲಿ 40 ಹೆಣ್ಣುಕುರಿ, ಒಂದೇ ಟಗರು ಎಂದುಕೊಳ್ಳಿ. ಮುಂದಿನ ಮರಿಗಳಿಗೆಲ್ಲ ಅಪ್ಪ ಒಬ್ಬನೇ. ಅಂದರೆ ಹಿಂಡಿನ ಅರ್ಧ ಬರಹ ಒಂದೇ ಪುಸ್ತಕದ್ದು. ಸೀವಾಲ್ ರೈಟ್ ಎಂಬ ವಿಜ್ಞಾನಿ 1931ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಟಗರುಗಳ ಸಂಖ್ಯೆಯನ್ನು ಹೆಣ್ಣುಕುರಿಗಳ ಸಂಖ್ಯೆಯಿಂದ ಗುಣಿಸಿ, 4ರಿಂದ ಗುಣಿಸಿ, ಒಟ್ಟು ಕುರಿಗಳಿಂದ ಭಾಗಿಸಿ. 1 × 40 × 4 = 160. ಅದನ್ನು 41ರಿಂದ ಭಾಗಿಸಿದರೆ ಬರುವುದು 3.9. ಕಣ್ಣಿಗೆ 41 ಕುರಿ, ವೈವಿಧ್ಯದ ಲೆಕ್ಕದಲ್ಲಿ ನಾಲ್ಕೇ! ಈಗ 4 ಟಗರು, 36 ಹೆಣ್ಣುಕುರಿ ಇಟ್ಟು ನೀವೇ ಲೆಕ್ಕ ಮಾಡಿ. 14.4 ಬರುತ್ತದೆ. ಹಿಂಡು ಒಂದು ಕುರಿಯಷ್ಟೂ ದೊಡ್ಡದಾಗಲಿಲ್ಲ, ವೈವಿಧ್ಯ ಮಾತ್ರ ಮೂರು ಪಟ್ಟು ಮೀರಿತು. ಟಗರನ್ನು ಕಾಲಕಾಲಕ್ಕೆ ಬೇರೆ ಹಿಂಡಿನವರೊಂದಿಗೆ ಬದಲಿಸಿಕೊಳ್ಳಬೇಕು ಎಂಬ ಮಾತಿನ ಹಿಂದೆ ಇರುವುದು ಇದೇ ಲೆಕ್ಕ. ಹಾಗೆ ಮಾಡದಿದ್ದರೆ ಅಪ್ಪ-ಮಗಳು, ಅಣ್ಣ-ತಂಗಿಯರ ನಡುವೆಯೇ ಮರಿಗಳಾಗಿ, ಬಲಹೀನ ಮರಿಗಳು ಹೆಚ್ಚುತ್ತವೆ.

ಎರಡನೆಯ ಅಪಾಯ ಇದಕ್ಕೆ ಉಲ್ಟಾ. ಬೇಗ ತೂಕ ಬರಲಿ ಎಂದು ಬೇರೆ ಜಾತಿಯ ದೊಡ್ಡ ಟಗರು ತಂದು ಬೆರಸುತ್ತಾರೆ. ಮರಿ ಎತ್ತರವಾಗುತ್ತದೆ, ಕಾಸೂ ಬರುತ್ತದೆ. ಸಾಕುವವರ ಕಷ್ಟ ದೊಡ್ಡದು, ಅವರನ್ನು ದೂರುವುದು ನ್ಯಾಯವಲ್ಲ. ಆದರೆ ನಾಲ್ಕಾರು ತಲೆಮಾರಿನಲ್ಲಿ ಬನ್ನೂರು ಕುರಿ ಕರಗಿಹೋಗುತ್ತದೆ. ಬೆರಸಿದರೆ ವೈವಿಧ್ಯ ಹೆಚ್ಚಬೇಕಲ್ಲ ಎನ್ನುತ್ತೀರಾ? ಬಾಳೆ ಎಲೆಯ ಊಟ ನೆನಪಿಸಿಕೊಳ್ಳಿ. ಕೋಸಂಬರಿ, ಪಲ್ಯ, ಹುಳಿ, ಪಾಯಸ ಒಂದೊಂದೂ ತನ್ನ ಜಾಗದಲ್ಲಿ ಇದ್ದಾಗ ಅದು ಹಬ್ಬದ ಊಟ. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದರೆ ಪದಾರ್ಥ ಯಾವುದೂ ಕಡಿಮೆಯಾಗಿಲ್ಲ, ಆದರೆ ಊಟ ಹೋಯಿತು.

ಹಿಂಡು ಎಷ್ಟು ಬೆರಕೆ, ಎಷ್ಟು ಹತ್ತಿರದ ರಕ್ತ ಎಂದು ತಿಳಿಯುವುದು ಹೇಗೆ? ಪಶುವೈದ್ಯರು ಕುರಿಯ ಕತ್ತಿನಿಂದ ಒಂದೆರಡು ಚಮಚ ರಕ್ತ ತೆಗೆದು, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಡಿಎನ್‌ಎಯ ಬರಹಕ್ಕೆ ನಾಲ್ಕೇ ಅಕ್ಷರ. ಕೆಲವು ಜಾಗಗಳಲ್ಲಿ ಎರಡು ಅಕ್ಷರ ಮತ್ತೆ ಮತ್ತೆ ಬರುತ್ತವೆ, ರೈಲಾಟದಲ್ಲಿ ನೀವು ‘ಚುಕುಬುಕು ಚುಕುಬುಕು’ ಎಂದ ಹಾಗೆ. ಒಂದು ಕುರಿಯಲ್ಲಿ ಚುಕುಬುಕು 12 ಸಲ, ಇನ್ನೊಂದರಲ್ಲಿ 15 ಸಲ. ಒಂದು ಎಣಿಕೆ ತಾಯಿಯಿಂದ, ಒಂದು ತಂದೆಯಿಂದ. ಇಂಥ ಇಪ್ಪತ್ತೈದು ಮೂವತ್ತು ಜಾಗಗಳಲ್ಲಿ ಎಣಿಸಿ ನೋಡುತ್ತಾರೆ. ಹಿಂಡಿನಲ್ಲಿ ಬೇರೆ ಬೇರೆ ಎಣಿಕೆಗಳು ತುಂಬ ಇದ್ದರೆ ಒಳ್ಳೆಯ ಸುದ್ದಿ. ಎಲ್ಲ ಕುರಿಯಲ್ಲೂ 12, 12 ಎಂದೇ ಬಂದರೆ ಹಿಂಡಿನ ರಕ್ತ ತೀರ ಹತ್ತಿರವಾಗಿದೆ ಎಂದು ತಿಳಿಯುತ್ತದೆ. ಬೇರೆ ಜಾತಿಯ ಕುರಿಗಳ ಎಣಿಕೆ ಕಂಡರೆ ಬೆರಕೆ ಎಂದು ಗೊತ್ತಾಗುತ್ತದೆ.

ದೇಶದ ಸಾಕುಪ್ರಾಣಿಗಳ ಲೆಕ್ಕ ಇಡುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆ ಹರಿಯಾಣದ ಕರ್ನಾಲಿನಲ್ಲಿದೆ. ಅದು 1984ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಮರುವರ್ಷ ಅಲ್ಲಿಗೆ ಹೋಯಿತು. ಅಲ್ಲಿನ ಜೀನ್ ಬ್ಯಾಂಕಿನಲ್ಲಿ ನಾನಾ ತಳಿಗಳ ಗಂಡುಪ್ರಾಣಿಗಳ ವೀರ್ಯವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ಆದರೆ ಕುರಿಗೆ ನಿಜವಾದ ಬ್ಯಾಂಕು ದೊಡ್ಡಿಯೇ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಬಂಡೂರು ಕುರಿಗಾಗಿಯೇ ಸರ್ಕಾರಿ ಸಂವರ್ಧನಾ ಕೇಂದ್ರವಿದೆ. ಅಸಲಿ ತಳಿಯನ್ನು ಹಟ ಹಿಡಿದು ಉಳಿಸಿಕೊಂಡ ಮನೆಗಳೂ ಇವೆ.

ಕೊನೆಗೆ ನಿಮಗೊಂದು ಕೆಲಸ. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಅದರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಬೆಳೆ, ದನಕುರಿಗಳನ್ನು ಬರೆದಿಡುವ ‘ಜನತಾ ಜೀವವೈವಿಧ್ಯ ದಾಖಲಾತಿ’ ಇರಬೇಕು. ಮೇಷ್ಟ್ರನ್ನೋ ಅಜ್ಜನನ್ನೋ ಕರೆದುಕೊಂಡು ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಅದಕ್ಕೆ ಮೊದಲು ಹಿತ್ತಲಿನ ಬಾಳೆಯ ಹೆಸರೇನು, ಅದರ ಕಂದು ಯಾರ ಮನೆಯಿಂದ ಬಂತು, ಅಕ್ಕಪಕ್ಕದ ಬಾಳೆಗೆಲ್ಲ ಸೊರಗು ಬಂದಾಗ ಅದೊಂದು ಉಳಿಯಿತೇ ಎಂದು ಅಜ್ಜಿಯನ್ನು ಕೇಳಿ ಬರೆದುಕೊಳ್ಳಿ. ದಾಖಲಾತಿಯಲ್ಲಿ ಆ ಬಾಳೆ ಇಲ್ಲದಿದ್ದರೆ ಸೇರಿಸಿ ಎಂದು ಹೇಳಿ ಬನ್ನಿ.